ಮುಖ ನೋಡೂ ಪಾಳಿ

ಶ್ರೀ ರೇಣುಕಾ ಯಲ್ಲಮ್ಮ ಪ್ರಸನ್ನ
ಚಿಂಬಲ್, ಗೋವಾ
೧೬ ಜೂನ್ ೨೦೨೪

ಬೀಗತಿ ಯಲ್ಲವ್ವಗೆ,

ಹುಣಸಗೇರಿ ಸಾಲಿಯಾಗ ಒಂದ ತಟ್ಟಿನ ಮ್ಯಾಲೆ ಕುಂತು ಕಲತವರು ನಾವು. ಆಮ್ಯಾಲೆ ನೀ ನಮ್ಮ ಅಣ್ಣ ದೇವಲಪ್ಪನ್ನ ಮಾಡಿಕೊಂಡು ನನಗ ವೈನಿ ಆದಿ. ಈಗ ನಿನ್ನ ಮಗಳು ನಂದಾ ನನ್ನ ಮಗ ಮಾಂತೇಶನ ಹೇಣ್ತಿ ಆಗಿ ಬಂದಮ್ಯಾಲೆ ಬೀಗತಿ ಆದಿ. ಇಷ್ಟೆಲ್ಲಾ ಆಗಿ ಕಡಿಗೆ ನನ್ನ ನಂಬರ ಬ್ಲಾಕ್ ಮಾಡಿದಿ. ಮಾಡು. ಪೋಸ್ಟ್‌ಮನ್‌ನ್ನ ಬ್ಲಾಕ್ ಮಾಡಾಕ ಯಾರಿಗೂ ಬರಂಗಿಲ್ಲ.

ಮಗಳನ್ನ ಬಿಡಾಕ ಬಂದಾಗ ನಮ್ಮ ಬಾಗಲದಾಗ ನಿಂತು, ಓಣಿ ಮಂದಿ ಕೇಳಂಗ, "ದನಾ ಕಟ್ಟಾಕೂ ಇದಕ್ಕಿಂತ ದೊಡ್ಡ ಜಾಗಾ ಬೇಕು" ಅಂದಿ. ಬಾಜೂ ಮನಿ ರೋಷನಬಿಗೆ ಕನ್ನಡ ಚಲೋ ತಿಳೀತೈತಿ. ಇವತ್ತಿಗೂ ಆಕಿ ನಳದ ಹತ್ರ ಸಿಕ್ಕರ "ದನಾ ಮೇದು ಬಂದುವೇನ ಅಕ್ಕಾ" ಅಂತಾಳ. ನಾ ನಗತೇನಿ. ನಕ್ಕದ್ದನ್ನೂ ನೆನಪಿಟ್ಟೇನಿ.

ನಂದಾ ಅರಾಮ ಅದಾಳ. ಆಕಿ ಫೋನು ನನ್ನ ಟ್ರಂಕಿನ್ಯಾಗ ಐತಿ. ಹೊಸಾ ಸೊಸಿ ಮನಿ ಕಲೀಬೇಕು, ಫೋನ್ ಕಲತು ಏನ ಮಾಡ್ಯಾಳು. ಸುದ್ದಿ ಬೇಕಾದ್ರ ನನಗ ಕಾಗದ ಬರಿ, ನಿನ್ನ ಅಕ್ಷರ ಇನ್ನೂ ದುಂಡಗ ಅದಾವೋ ನೋಡೂನು.

ಗೋವಾ ನೋಡಬೇಕಂತ ಆಕಿಗೆ ಭಾಳ ಇತ್ತು. ತೋರಿಸಿದೆ. ಪಣಜಿಗೆ ಕರಕೊಂಡು ಹೋಗಿ ಮಾಂಡವಿ ಹೊಳಿ ದಂಡ್ಯಾಗ ನಿಲ್ಲಿಸಿದೆ. ಹೊಳಿಯಾಗ ಜೂಜಿನ ಹಡಗ ನಿಂತಾವ. ಹಗಲಿನ್ಯಾಗ ನೋಡಿದ್ರ ಬಣ್ಣಾ ಹೋದ ಹಳೇ ಬಸ್ಸು, ಸಂಜೀಕ ಲೈಟ್ ಹಾಕಿದ್ರ ಮದುವಿ ಮಂಟಪ. ಮಂದಿ ಸೆಂಟ್ ಹಚ್ಚಿಕೊಂಡು ನಗಕೋತ ಒಳಗ ಹೊಕ್ಕಾರ. ಹೊರಗ ಬರೂಮುಂದ ಯಾರೂ ಯಾರ ಮುಖಾನೂ ನೋಡಂಗಿಲ್ಲ. ಅದನ್ನ ನೋಡಿ ಅಂಜಿಕೆ ಕಲೀರಿ ಅಂತ ದೇವರ ನಮಗ ತೋರಿಸ್ತಾನ, ಊರ ಮಂದಿ ಅದನ್ನ ನೋಡಾಕಂತನ ಗಾಡಿ ಮಾಡಿಕೊಂಡ ಬರ್ತಾರ. ಇನ್ನೊಂದು ಬೋಟ್ ಐತಿ, ಅದರಾಗ ಒಂದ ತಾಸು ಹೊಳಿ ಸುತ್ತಸ್ತಾರ. ಗಂಡಸರು ಸ್ಟೇಜ್ ಮ್ಯಾಲೆ ಹತ್ತಿ ಕುಣೀತಾರ, ಹೇಣ್ತೇರು ಕೆಳಗ ಕುಂತು ಅವರ ಚಪ್ಪಲಿ ಕಾಯ್ತಾರ.

"ಸಮುದ್ರ ತೋರಿಸ್ರಿ ಅತ್ತಿ" ಅಂದ್ಲು ನಿನ್ನ ಮಗಳು. ಸಮುದ್ರ ಅಂದ್ರ ಉಪ್ಪನೀರು, ಮನಿಯಾಗ ಸಾರಿನ್ಯಾಗ ಹಾಕೂದನ್ನ ಮೊದಲ ಅಳತಿ ಕಲಿ ಅಂದೆ. ಅತ್ಲು. ಸಣ್ಣಾಕಿ, ಅಳ್ತಾಳ.

ನಮ್ಮ ಅಣ್ಣನ ತಬ್ಯತ್ ಬರಿ.

ದೇವರ ಹೆಸರ ಹೇಳಿಕೊಂಡು ಇದ್ದಲ್ಲೆ ಇರೂ,
ದ್ರಾಕ್ಷಾಯಿಣಿ

—

ಹುಣಸಗೇರಿ
೨ ಜುಲೈ ೨೦೨೪

ದ್ರಾಕ್ಷಾಯಿಣಿಗೆ ಯಲ್ಲವ್ವನ ನಮಸ್ಕಾರ.

ಬ್ಲಾಕ್ ತಗದೇನಿ. ಒಂದ ವಾರದಿಂದ ಹಚ್ಚಾಕತ್ತೇನಿ, ನೀ ಎತ್ತವಲ್ಲಿ. ನಿನ್ನ ಕಾಗದ ಬಂದ ದಿನಾನ ಹಚ್ಚಿದ್ದೆ.

ಬಾಗಲದಾಗ ಆಡಿದ ಮಾತು ಆಡಬಾರದಿತ್ತು. ಆವತ್ತ ಬಸ್ಸಿನ್ಯಾಗ ಕುಂತು ಮೈ ಹಣ್ಣಾಗಿತ್ತು, ಮಗಳನ್ನ ಬಿಟ್ಟು ಬರೂ ಹೊಟ್ಟಿ ಸಂಕಟ ಬ್ಯಾರೆ. ನೀ ಅದನ್ನ ಓಣಿಗೆಲ್ಲಾ ಹಂಚಬ್ಯಾಡ.

ಈಗ ಕೇಳು. ನಿಮ್ಮಣ್ಣಗ ಲಕ್ವಾ ಹೊಡದೈತಿ. ಎಡಗೈ ಎಡಗಾಲು ಬಿದ್ದಾವ. ಬಾಯಿ ಒಂದ ಕಡೆ ಹೋಗೈತಿ. ದಿನದಾಗ ಹತ್ತ ಸಲ "ನಂದಾ ಎಲ್ಲಿ" ಅಂತಾನ. ಗಂಡನ ಮನಿಗೆ ಹೋಗ್ಯಾಳ ಅಂದ್ರ ಹೂಂ ಅಂತಾನ, ಮತ್ತ ಕೇಳತಾನ. ಬಾದಾಮಿ ಡಾಕ್ಟರು ಇನ್ನೊಮ್ಮೆ ಹೊಡದ್ರ ಉಳ್ಯಾಂಗಿಲ್ಲ ಅಂದಾರ.

ನಾ ಅಂವನ್ನ ಬಿಟ್ಟು ಗೋವಾಕ್ಕ ಬರಾಕ ಆಗಂಗಿಲ್ಲ, ಮಗ್ಗಲಾ ಹೊಳ್ಳಸಾಕೂ ನಾನ ಬೇಕು. ಪಂಚಮಿ ಮುಂದ ಬಂತು. ಹೊಸಾದಾಗಿ ಮದುವಿ ಆದ ಹುಡಿಗೇರು ಪಂಚಮಿಗೆ ತೌರಿಗೆ ಬರೂದು ಊರ ಮಂದಿಗೆಲ್ಲಾ ಗೊತ್ತಿದ್ದ ಮಾತು. ನಮ್ಮ ತಮ್ಮ ಯಮನೂರನ್ನ ಕರಿಯಾಕ ಕಳಸ್ತೇನಿ. ಕಳಿಸಿಕೊಡು. ಅಪ್ಪನ ಮುಖಾ ನೋಡಿ ಹೊಳ್ಳಿ ಬರ್ತಾಳ.

ಅಂವ ನಿನಗೂ ಅಣ್ಣ ಅನ್ನೂದನ್ನ ನಾ ನೆನಪ ಮಾಡಿಕೊಡೂದು ಬ್ಯಾಡ.

ಯಲ್ಲವ್ವ

—

ಚಿಂಬಲ್
೧೪ ಜುಲೈ ೨೦೨೪

ಯಲ್ಲವ್ವ,

ಕಾಗದ ಸಿಕ್ಕಿತು. ಅಕ್ಷರ ಸೊಟ್ಟ ಆಗ್ಯಾವ.

ಅಣ್ಣನ ಸುದ್ದಿ ಓದಿ ದೇವರ ಮುಂದ ತುಪ್ಪದ ದೀಪ ಹಚ್ಚಿದೆ. ನಂದಾಗ ಹೇಳ್ಲಿಲ್ಲ. ಹೇಳಿದ್ರ ರೊಟ್ಟಿ ಹೊತ್ತಸ್ತಾಳ.

ಇಲ್ಲೆ ಮಳಿ ಹೊಡ್ಯಾಕತ್ತೈತಿ. ಪಣಜಿ ತುಂಬ ರಸ್ತಾ ಅಗದಾರ, ಸುಧಾರಣಿ ಅಂತ. ಪೇಪರಿನ್ಯಾಗ ದಿನಾ ಫೋಟೋ ಬರ್ತಾವ, ಇವತ್ತ ತೆಗ್ಗಿನ್ಯಾಗ ಒಂದು ಲಾರಿ ಸಿಕ್ಕತು, ನಾಳೆ ಒಂದು ಕಾರ್ ಸಿಕ್ಕತು. ನಾ ಕೆಲಸಕ್ಕ ಹೋಗೂ ಲಾಜ್ ಫೊಂತೈನ್ಯಾಸ್ ಓಣಿಯಾಗ ಐತಿ. ಅಲ್ಲೆ ಮನಿಗೋಳಿಗೆ ಹಳದಿ, ನೀಲಿ, ಕೆಂಪ ಬಣ್ಣ ಹೊಡದಾರ. ಅದಷ್ಟಕ್ಕ ಮಂದಿ ಬಂದು ಯಾರದೋ ಬಾಗಲ ಮುಂದ ಕಾಲ ಮ್ಯಾಲೆ ಕಾಲ ಹಾಕಿ ಕುಂತು ಫೋಟೋ ತಗೋತಾರ. ಒಳಗಿದ್ದ ಮುದುಕಿ ಬಾಗಲಾ ತಗದು ಕೊಂಕಣಿಯಾಗ ಬೈತಾಳ, ಇವರು ಆಕಿದೂ ಫೋಟೋ ತಗೀತಾರ. ನಾ ನಾಕನೇ ಕ್ಲಾಸ್ ಕಲತ ಹೆಂಗಸು, ಆದ್ರೂ ಒಂದು ತಿಳೀತೈತಿ. ಯಾರ ಮನಿ ಬಾಗಲದಾಗೂ ನಿಂತು ಅದು ದೊಡ್ಡದು, ಇದು ಸಣ್ಣದು ಅನಬಾರದು.

ಪಂಚಮಿ ವಿಷಯ ಬರದಿ. ಅವ್ವ ಸತ್ತ ವರ್ಷ ನಿನಗ ನೆನಪೈತೇನು. ಇಂಥಾದ ಮಳಿ. ಘಟ್ಟದಾಗ ಗುಡ್ಡ ಕುಸದು ನಮ್ಮ ಬಸ್ಸು ಅನಮೋಡದಾಗ ನಿಂತಿತ್ತು. ನಾ ಫೋನ್ ಹಚ್ಚಿ ಹಚ್ಚಿ ಹೇಳಿದೆ, ಬರಾಕತ್ತೇನಿ, ತಡೀರಿ, ಮಗಳು ನಾ ಒಬ್ಬಾಕೆ, ಮುಖಾ ನೋಡ್ದ ಮಣ್ಣ ಕೊಡಬ್ಯಾಡ್ರಿ. ಬಂದು ನೋಡಿದ್ರ ಗುದ್ದಿನ ಮ್ಯಾಲಿನ ಮಣ್ಣ ಕುಂತುಬಿಟ್ಟಿತ್ತು. ಅದರ ಮ್ಯಾಲೆ ಯಾರದೋ ನಾಯಿ ಅಡ್ಡಾಡಿ ಹೆಜ್ಜಿ ಮೂಡಿದ್ದೂವು. ನೀ ಏನಂದಿ ಆವಾಗ. "ಊಟಕ್ಕ ಏಳು, ಅನ್ನ ಆರತೈತಿ" ಅಂದಿ.

ನಾ ನಿನ್ನಂಗಲ್ಲ. ದೇವಿಗೆ ಕೇಳ್ತೇನಿ. ಗುಡ್ಡದ ಮ್ಯಾಲೆ ಸಾತೇರಿ ದೇವಿ ಗುಡಿ ಐತಿ, ಅಲ್ಲೆ ಹೂ ಹಚ್ಚಿ ಕೇಳೂ ಪದ್ಧತಿ ಐತಿ. ದೇವಿ ಕಳಸು ಅಂದ್ರ ಕಳಸ್ತೇನಿ.

ದೇವಿ ಇಟ್ಟಂಗ ಇರೂ,
ದ್ರಾಕ್ಷಾಯಿಣಿ

—

ಹುಣಸಗೇರಿ
೨೫ ಜುಲೈ ೨೦೨೪

ದ್ರಾಕ್ಷಾಯಿಣಿ,

ಇಷ್ಟ ವರ್ಷ ನಿನ್ನ ಹೊಟ್ಟಿಯಾಗ ಅದ ಇತ್ತೇನು. ಹಂಗಾದ್ರ ಕೇಳ್ಕೊ, ಆವತ್ತ ನಿನ್ನ ಮರ್ಯಾದಿಗೆ ಹೇಳಿರಲಿಲ್ಲ. ಅತ್ತಿ ಹೊಟ್ಟಿ ಉಬ್ಬಿ ವಾಸನಿ ಬಂದಿತ್ತು. ಮೂಗಿಗೆ ಹತ್ತಿ ಇಟ್ಟರೂ ಸೋರೂದು ನಿಲ್ಲವಲ್ದಾಗಿತ್ತು. ಮಳಿಯಾಗ ಗುದ್ದಿನ್ಯಾಗ ನೀರ ತುಂಬಾಕತ್ತಿತ್ತು, ನಾಕ ಮಂದಿ ಬುಟ್ಟಿಲೆ ಎತ್ತಿ ಎತ್ತಿ ಹೊರಗ ಹಾಕಾಕತ್ತಿದ್ರು. ಹಿರ್ಯಾರು ಇನ್ನ ತಡದ್ರ ಆಗಂಗಿಲ್ಲ ಅಂದ್ರು. ನೀ ಆ ಮುಖಾ ನೋಡಿದ್ರ ಇವತ್ತಿಗೂ ನಿನಗ ಅನ್ನ ಹೋಗತಿದ್ದಿಲ್ಲ. ನೋಡಲಿಲ್ಲ, ಅದಕ್ಕ ಬದುಕಿದಿ.

ಅದರ ಸಿಟ್ಟು ನನ್ನ ಮ್ಯಾಲೆ ಇಡು. ಹುಡಿಗಿ ಏನ ಮಾಡ್ಯಾಳು. ಲಕ್ವಾ ಹೊಡದ ಮನಷ್ಯಾ ಏನ ಮಾಡ್ಯಾನು. ಅಂವ ನಿನ್ನನ್ನ ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು ಸಾಲಿಗೆ ಬಿಡತಿದ್ದ, ನಾ ಬಾಜೂಕ ನಡಕೋತ ಬರತಿದ್ದೆ. ಕಣ್ಣಲೆ ಕಂಡೇನಿ.

ಯಮನೂರ ಪಂಚಮಿ ಹಿಂದಿನ ದಿನ ಮುಂಜಾನೆ ಬರ್ತಾನ. ದೇವಿಗೆ ಕೇಳೂದನ್ನ ಕೇಳು. ಹೆತ್ತ ಅಪ್ಪನ ಮುಖಾ ನೋಡಬ್ಯಾಡ ಅಂತ ಯಾವ ದೇವೀನೂ ಅನ್ನಂಗಿಲ್ಲ.

ಯಲ್ಲವ್ವ

—

ಚಿಂಬಲ್
೧೨ ಆಗಸ್ಟ್ ೨೦೨೪

ಯಲ್ಲವ್ವ,

ಯಮನೂರ ಬಂದು ಸುದ್ದಿ ಹೇಳಿರ್ತಾನ. ಅಂವ ಬರೇ ತನ್ನ ಕಡಿಂದ ಹೇಳಿರ್ತಾನ, ಅದಕ್ಕ ನಾ ಬರೀತೇನಿ.

ದೇವಿಗೆ ಕೇಳಿದ್ದು ಖರೆ. ಭಟ್ಟ ದೇವಿ ಮೈಮ್ಯಾಲೆ ಬಲಕ್ಕೊಂದು ಎಡಕ್ಕೊಂದು ಹೂವಿನ ಎಸಳು ನೀರ ಹಚ್ಚಿ ಅಂಟಿಸ್ತಾನ. ನಾವು ಕೈ ಮುಗದು ಕೇಳಬೇಕು. ಬಲಗಡಿದು ಬಿದ್ರ ಹೂಂ, ಎಡಗಡಿದು ಬಿದ್ರ ಬ್ಯಾಡ. ನಮ್ಮ ಕಡೆ ದ್ಯಾಮವ್ವನ ಗುಡಿಯಾಗೂ ಹೂ ಕೇಳ್ತಾರಲ್ಲ, ಹಂಗ. ಇಲ್ಲೆ ಕೌಲ ಅಂತಾರ.

ಮೊದಲ ಸಲ "ಸೊಸಿನ್ನ ತೌರಿಗೆ ಕಳಸಲೇನು" ಅಂತ ಕೇಳಿದೆ. ಬಲಗಡಿದು ಬಿತ್ತು. ಸುಳ್ಳ ಯಾಕ ಹೇಳ್ಲಿ. ಆದ್ರ ಆವತ್ತ ಮುಂಜಾನೆ ನಾ ಚಾ ಕುಡದಿದ್ದೆ. ಉಪಾಸ ಇಲ್ದ ಕೇಳಿದ್ದು ಲೆಕ್ಕಕ್ಕ ಬರಂಗಿಲ್ಲ. ಮರದಿನ ಉಪಾಸ ಇದ್ದು ಹ್ವಾದೆ. ಎರಡೂ ಎಸಳು ಬೀಳಲಿಲ್ಲ. ಭಟ್ಟ ಕಾದ ಕಾದ, "ಬಾಯೆ, ನನಗ ಊಟದ ಹೊತ್ತಾತು" ಅಂದ. ಮೂರನೇ ಸಲ ಹೋದಾಗ ನನಗ ಒಂದು ಹೊಳೀತು. ಕೇಳೂದ ತಪ್ಪಾಗಿ ಕೇಳಾಕತ್ತೇನಿ. ಕಳಸೂದು ಬಿಡೂದು ನಿಮ್ಮ ಮನಿ ಮಾತು, ದೇವಿಗೇನು ಅದರದು. ಅದಕ್ಕ "ನನ್ನ ಸೊಸಿನ್ನ ನನ್ನ ಕಡೆ ಇಟ್ಟುಕೊಳ್ಳಲೇನು" ಅಂತ ಕೇಳಿದೆ. ಬಲಗಡಿದು ಥಟ್ಟನ ಬಿತ್ತು. ಭಟ್ಟನೂ ನೋಡಿದ.

ಯಮನೂರ ಬಂದಾಗ ನಂದಾ ಚೀಲಾ ತುಂಬಿಕೊಂಡು, ಹಸರ ಬಳಿ ಹಾಕ್ಕೊಂಡು ಬಾಗಲದಾಗ ನಿಂತಿದ್ಲು. ಅಪ್ಪಗ ಹಿಂಗಾಗೇತಿ ಅಂತ ನಿನ್ನ ತಮ್ಮನ ಆಕಿಗೆ ಹೇಳಿದ, ನಾ ಹೇಳಿದ್ದಲ್ಲ. ಆಕಿ ಅಲ್ಲೆ ಕುಂತುಬಿಟ್ಲು. ನಾ ಯಮನೂರಗ ರೊಟ್ಟಿ, ಹೆಸರುಕಾಳ ಪಲ್ಯ ಹಾಕಿದೆ, ಅನ್ನ ಸಾರು ಹಾಕಿದೆ. ಉಣ್ಣೂಮಟ ಏನೂ ಅನ್ನಲಿಲ್ಲ. ಕೈ ತೊಳದಮ್ಯಾಲೆ ಹೇಳಿದೆ, ದೇವಿ ಅಪ್ಪಣಿ ಇಲ್ಲ ಅಂತ.

"ಅಕ್ಕಾ, ಅಂವ ಸಾಯಾಕತ್ತಾನ" ಅಂದ.

"ಸಾಯೂದು ಬದುಕೂದು ಆಕಿ ಕೈಯಾಗ" ಅಂದು ದೇವಿ ಫೋಟೋ ತೋರಿಸಿದೆ.

ನಂದಾ ನನ್ನ ಕಾಲ ಹಿಡದ್ಲು. ಎದ್ದು ಚೀಲದಾಗಿನ ಬಟ್ಟಿ ತಗದು ಹೊಳ್ಳಿ ಮಡಚಿಡು ಅಂದೆ. ಮಡಚಿಟ್ಲು. ಒಂದೊಂದ ಸೀರಿ ಮಡಚೂಮುಂದ ನನ್ನ ಕಡೆ ನೋಡತಿದ್ಲು, ಎಲ್ಲೆರ ಸಾಕು ಅಂತೇನೇನೋ ಅಂತ. ನಾ ಅನಲಿಲ್ಲ. ಮಾಂತೇಶ ಕೆಲಸಕ್ಕ ಹೋಗದ ಮನಿಯಾಗ ಇದ್ದ. ಒಂದೂ ಮಾತ ಆಡಲಿಲ್ಲ. ಅಂಥಾ ಮಗನ್ನ ಪಡೀಬೇಕು.

ಪಂಚಮಿ ದಿನ ಆಕಿನ್ನ ದೋನಾ ಪಾವ್ಲಾಕ್ಕ ಕರಕೊಂಡು ಹೋಗಿದ್ದೆ, ಮನಸ ಹಗರ ಆಗ್ಲಿ ಅಂತ. ಅಲ್ಲೆ ಒಂದು ಕಲ್ಲಿನ ತುದಿ ಐತಿ, ಜೋಡಿ ಜೋಡಿ ಬಂದು ನಿಂದರ್ತಾರ. ಇಲ್ಲೆ ಇಬ್ರು ಜೀವಾ ಕೊಟ್ರಂತ ಕತಿ ಹೇಳಿ ಟೊಪಿಗಿ ಮಾರ್ತಾರ. ಬೀಚಿನ್ಯಾಗ ಕಾಲಗೆಜ್ಜಿ ಮಾರೂ ಲಂಬಾಣಿ ಗೋಮಿಬಾಯಿ ನಮಗ ಗುರುತಿನಾಕಿ, ಮಳಿ ಅಂತ ಅಲ್ಲಿಗೆ ಬಂದಿದ್ಲು. ನಂದಾನ ಮುಖಾ ನೋಡಿ "ಈಕಿಗೇನಾಗೇತಿ" ಅಂತ ಕೇಳಿದ್ಲು. ಹಬ್ಬಕ್ಕ ಸೀರಿ ಕೊಡಸಿಲ್ಲಂತ ಸಿಟ್ಟ ಅಂದೆ. ಇಬ್ರೂ ನಕ್ಕಿವಿ.

ಉಂಡಿ ಕಳಿಸಿದ್ದಿ. ಎಳ್ಳುಂಡಿ ಚಲೋ ಆಗ್ಯಾವ, ಶೇಂಗಾದ್ದು ಪಾಕ ಏರೈತಿ.

ದೇವಿ ಮಾತ ಮೀರದಂಗ ಇರೂ,
ದ್ರಾಕ್ಷಾಯಿಣಿ

—

ಹುಣಸಗೇರಿ
೯ ಅಕ್ಟೋಬರ್ ೨೦೨೪

ದ್ರಾಕ್ಷಾಯಿಣಿ,

ನಿನ್ನ ಕಾಗದ ಓದಿ ಒಲಿಗೆ ಹಾಕಿದೆ. ಆಮ್ಯಾಲೆ ಎರಡ ತಿಂಗಳ ಬರೀಬಾರದಂತ ಇದ್ದೆ. ಈಗ ಬರೀದ ಗತಿ ಇಲ್ಲ.

ಅಂವಗ ಮಾತು ಸರಿಯಾಗಿ ಬರವಲ್ದು. ಗಂಜಿ ಅಷ್ಟ ಹೊಕ್ಕೈತಿ. ನಂದಾನ್ನ ಕಳಸಬ್ಯಾಡ. ದೀಪಾವಳಿ ದಿನ ಒಂದು ಫೋನ್ ಹಚ್ಚಿ ಆಕಿ ಕೈಯಾಗ ಕೊಡು. "ಅಪ್ಪಾ" ಅಂತ ಒಂದ ಸಲ ಅನ್ನಲಿ, ನಾ ಅವನ ಕಿವಿಗೆ ಹಿಡೀತೇನಿ. ಇಷ್ಟಕ್ಕ ದೇವಿಗೆ ಕೇಳೂ ಗರಜ ಇಲ್ಲ.

ಬೇಕಾದ್ರ ನೀನೂ ಮಾತಾಡು. ನಿನ್ನ ಹೆಸರ ಹೇಳಿದ್ರ ಕಣ್ಣ ತಗೀತಾನ.

ಯಲ್ಲವ್ವ

—

ಓಲ್ಡ್ ಗೋವಾ ಕೆಲಸದ ಜಾಗಾದಿಂದ
೨೮ ನವೆಂಬರ್ ೨೦೨೪

ಯಲ್ಲವ್ವ,

ತಡಾ ಆತು. ದಸರಾ ಹೋತು, ದೀಪಾವಳಿ ಹೋತು, ಕೈ ಬಿಡುವಾಗಲಿಲ್ಲ. ನಂದಾಗ ಗಂಟಲು ಬಿದ್ದಿತ್ತು, ಫೋನಿನ್ಯಾಗ ಏನ ಮಾತಾಡ್ಯಾಳು ಅಂತ ಹಚ್ಚಲಿಲ್ಲ.

ಇಲ್ಲಿ ದೊಡ್ಡ ಸುದ್ದಿ ಅಂದ್ರ ಸಾಯಬನ ದರ್ಶನ. ಕ್ರಿಸ್ತಾಂವರ ದೊಡ್ಡ ಸಂತ, ಸತ್ತು ನಾಕನೂರ ವರ್ಷದ ಮ್ಯಾಲಾತು. ಅವನ ದೇಹಾ ಗಾಜಿನ ಪೆಟ್ಟಿಗಿಯಾಗ ಇಟ್ಟಾರ. ಹತ್ತ ವರ್ಷಕ್ಕೊಮ್ಮೆ ಕೆಳಗ ಇಳಿಸಿ ಮಂದಿಗೆ ತೋರಿಸ್ತಾರ. ಈ ವರ್ಷ ಆ ಪಾಳಿ ಬಂದೈತಿ. ನನಗ ಅಲ್ಲೆ ಕಸಾ ಹೊಡಿಯೂ ಕೆಲಸ ಹತ್ತೈತಿ. ಚಿಂಬಲ್‌ದಿಂದ ಸನೇಕ.

ನೀ ಇಂಥಾದ್ದು ಕಂಡಿಲ್ಲ ಬಿಡು. ನಡಕೋತ ಬರ್ತಾರ, ಬರಿಗಾಲಿಲೆ. ಮುದುಕರನ್ನ ಗಾಲಿ ಕುರ್ಚಿಯಾಗ ತಳ್ಳಿಕೊಂಡು ಬರ್ತಾರ. ಬಿಸಲಾಗ ಪಾಳಿ ಹಚ್ಚಿ ನಿಂದರ್ತಾರ, ಒಬ್ರೂ ಗುಣಗುಣ ಅನ್ನಂಗಿಲ್ಲ. ಒಳಗ ಹ್ವಾದ್ರ ಒಂದ ಗಳಿಗಿ, ಮುಂದ ನಡೀರಿ ಅಂತಾರ, ಹೊರಗ ಬರೂಮುಂದ ಅಳಕೋತ ಬರ್ತಾರ. ನಮ್ಮವರೂ ಬರ್ತಾರ, ಹೂ ಊದಿನಕಡ್ಡಿ ತಗೊಂಡು. ಯಾರ ದೇವರಾದ್ರೇನು, ಭಕ್ತಿ ಅಂದ್ರ ಹಿಂಗಿರಬೇಕು. ಕೆಲವರು ಮಾತ್ರ ಪಾಳಿಯಾಗ ನಿಂತು ಚಿಪ್ಸ್ ತಿಂದು ಚೀಲಾ ಅಲ್ಲೇ ಒಗೀತಾರ, ಅವರಿಗೆ ಸಂತನೂ ಒಂದ, ಸಮುದ್ರನೂ ಒಂದ.

ಕಸಾ ಹೊಡಕೋತ ನಾ ವಿಚಾರ ಮಾಡತೇನಿ ಯಲ್ಲವ್ವ. ಪರದೇಶದಾಗ ಹುಟ್ಟಿದಾಂವ, ಇವರ ರಕ್ತ ಅಲ್ಲ, ಕುಲ ಅಲ್ಲ, ಅವನ ಮುಖಾ ನೋಡಾಕ ಇವರು ಹತ್ತ ವರ್ಷ ಕಾಯ್ತಾರ. ನಮ್ಮವ್ವನ ಮುಖಾ ನೋಡಾಕ ಮಗಳು ಬರಾಕತ್ತೇನಿ ಅಂದ್ರ ನೀ ಒಂದ ರಾತ್ರಿ ಕಾಯಲಿಲ್ಲ. ವಾಸನಿ ಬಂತು ಅಂದಿ. ನಾ ಮೂಗ ಮುಚ್ಚಿಕೊಂತಿದ್ದೆ.

ಮಾಂತೇಶಗ ಗಣಿ ಕಡೆ ಸಾವರ್ಡೆದಾಗ ಕೆಲಸ ಸಿಕ್ಕೈತಿ, ಲಾರಿ ಗ್ಯಾರೇಜಿನ್ಯಾಗ. ಒಬ್ಬನ ಏನ ಬೇಯಿಸಿಕೊಂಡಾನು ಅಂತ ಹದಿನೈದ ದಿನದ ಹಿಂದ ನಂದಾನ್ನೂ ಕರಕೊಂಡ ಹೋಗ್ಯಾನ. ನಾನ ಹೂಂ ಅಂದೇನಿ. ಅಲ್ಲಿ ಕೆಂಪ ಧೂಳಿ ಬಿಟ್ರ ನೋಡಾಕ ಏನೂ ಇಲ್ಲ. ಫೋನ್ ಟ್ರಂಕಿನ್ಯಾಗ ಐತಿ, ಚಾವಿ ನನ್ನ ಕೊಳ್ಳಾಗ.

ಅಣ್ಣಗ ಗಂಜಿಯಾಗ ಜೀರಗಿ ಹಾಕು. ಅಂವಗ ಸೇರತೈತಿ.

ಕಸಾ ಹೊಡದು ಕೈ ಮುಗಿಯೂ,
ದ್ರಾಕ್ಷಾಯಿಣಿ

—

ಹುಣಸಗೇರಿ
೧೯ ಡಿಸೆಂಬರ್ ೨೦೨೪

ದ್ರಾಕ್ಷಾಯಿಣಿಗೆ,

ನಿಮ್ಮಣ್ಣ ಹ್ವಾದ. ಎಲ್ಲಾ ಕಾರ್ಯ ಮುಗಿಸಿ ಈ ಕಾಗದ ಬರಿಯಾಕ ಕುಂತೇನಿ.

ಮಾಂತೇಶ ಸಾವರ್ಡೆಗೆ ಹೋಗಿದ್ದು ಗ್ಯಾರೇಜಿನ ಆಸೇಕಲ್ಲ. ಪಂಚಮಿ ದಿನದಿಂದ ಅಂವ ಯಮನೂರಗ ಫೋನ್ ಹಚ್ಚತಿದ್ದ. ನಿನ್ನ ಮುಂದ ಬಾಯಿ ತಗಿಯಾಕ ಅಂವಗ ಆಗಂಗಿಲ್ಲ, ಸಣ್ಣಾಂವ ಇದ್ದಾಗಿಂದ ಹಂಗ. ಅದಕ್ಕ ನಿನ್ನ ಮನಿಯಿಂದನ ಹೊರಗ ಬಿದ್ದ. ಡಿಸೆಂಬರ ಮೊದಲನೇ ವಾರ ಇಬ್ರೂ ಸಾವರ್ಡೆದಾಗ ರೈಲ ಹತ್ತಿ ಇಲ್ಲಿಗೆ ಬಂದ್ರು. ನನ್ನ ಅಳಿಯಾ ತನ್ನ ಮಾವನ್ನ ಎತ್ತಿ ಜಳಕಾ ಮಾಡಿಸಿದ. ಗಡ್ಡಾ ಕೆತ್ತಿದ. ನಂದಾ ಬಾಯಾಗ ಗಂಜಿ ಹಾಕಿದ್ಲು. ನೀ ಹೇಳಿದಂಗ ಜೀರಗಿ ಹಾಕಿದ್ಲು.

ಇನ್ನೊಂದು ಹೇಳತೇನಿ. ಇದನ್ನ ಹೇಳೂದು ಬ್ಯಾಡ ಅಂತ ನಂದಾ ಅಂದ್ಲು. ನಾ ಹೇಳತೇನಿ.

ಕಡೀ ದಿನ ಅಂವಗ ಗುರುತ ಹತ್ತವಲ್ದಾಗಿತ್ತು. ನಂದಾನ ಕೈ ಹಿಡದು "ದ್ರಾಕ್ಷಿ, ಬಂದ್ಯಾ" ಅಂದ. ಆಕಿ ನನ್ನ ಮುಖಾ ನೋಡಿದ್ಲು. ಆಕಿ "ಬಂದೇನಣ್ಣಾ" ಅಂದ್ಲು. ಅಂವ ನಕ್ಕ. ಲಕ್ವಾ ಹೊಡದಾಗಿಂದ ನಕ್ಕಿದ್ದಿಲ್ಲ. ಆಮ್ಯಾಲೆ ಆಕಿ ತಲಿ ಬಗ್ಗಿಸಿಕೊಂಡು ಕಿವಿಯಾಗ ಏನೋ ಹೇಳಿದ, ಭಾಳ ಹೊತ್ತು. ನಾ ದೂರ ಹೊಸ್ತಲದಾಗ ಇದ್ದೆ, ಕೇಳಲಿಲ್ಲ. ಏನಂದ ಅಂತ ನಾ ಮಗಳಿಗೂ ಕೇಳಲಿಲ್ಲ. ಅದು ನನಗ ಅಂದದ್ದಲ್ಲ, ಆಕಿಗೆ ಅಂದದ್ದೂ ಅಲ್ಲ. ನಿನಗ ಅಂದದ್ದು. ಆಕಿ ಹತ್ರ ಐತಿ.

ಜೀವಾ ಹೋದಮ್ಯಾಲೆ ಮಾಂತೇಶ ಫೋನ್ ಕೈಯಾಗ ಹಿಡಕೊಂಡು "ಅತ್ತಿ, ನಮ್ಮವ್ವಗ ಹಚ್ಚಲ್ಯಾ" ಅಂದ. ಹಿರ್ಯಾರೂ ಅಂದ್ರು, ಒಬ್ಬಾಕಿನ ತಂಗಿ, ಗೋವಾದಿಂದ ಬರಬೇಕು, ನಾಳಿಗೆ ಇಡೂನು, ಥಂಡಿ ದಿನ, ಏನೂ ಆಗಂಗಿಲ್ಲ ಅಂತ. ಖರೇನ, ಏನೂ ಆಗತಿದ್ದಿಲ್ಲ. ಮುಖಾ ಮಲಗಿದಂಗಿತ್ತು.

ನಾ ಬ್ಯಾಡ ಅಂದೆ. ತಂಗಿ ಬಂದು ಮಾತಾಡಿಸಿದಂಗ ಆಗೇತಿ ಅವಗ, ಇನ್ನ ಯಾರಿಗೆ ಕಾಯೂದು, ಎತ್ರಿ ಅಂದೆ. ಎತ್ತಿದ್ರು.

ಯಲ್ಲವ್ವ

—

ಚಿಂಬಲ್
೮ ಜನವರಿ ೨೦೨೫

ಯಲ್ಲವ್ವ,

ಏನಂದ ಅಂವ.

ಮಾಂತೇಶ ಫೋನ್ ಎತ್ತಿ "ಅವ್ವಾ ಉಂಡ್ಯಾ" ಅಂತಾನ, ಅಷ್ಟ. ನಂದಾನ ಕೈಯಾಗ ಕೊಡು ಅಂದ್ರ ಆಕಿ ನೀರಿಗೆ ಹೋಗ್ಯಾಳ ಅಂತಾನ. ಯಾವಾಗ ಹಚ್ಚಿದ್ರೂ ನೀರಿಗೆ ಹೋಗಿರ್ತಾಳ.

ಕಾರ್ಯಕ್ಕ ನಾ ಬರಬೇಕಿತ್ತು, ನೀ ಬರಗೊಡಲಿಲ್ಲ. ಅದನ್ನ ದೇವಿ ನೋಡಿಕೊಳ್ಳಲಿ. ನಾ ಜಗಳಕ್ಕ ಬರಿಯಾಕತ್ತಿಲ್ಲ. ಅಂವ ನನಗ ಅಂದದ್ದು ನಂದು. ಆಕಿ ನನ್ನ ಹೆಸರಲೆ ಇಸಗೊಂಡಾಳ. ನಿನ್ನ ಮಗಳನ್ನ ಕೇಳಿ, ಇದ್ದದ್ದು ಇದ್ದಂಗ ಒಂದ ಹಾಳ್ಯಾಗ ಬರದು ಹಾಕು.

ದ್ರಾಕ್ಷಾಯಿಣಿ

—

ಚಿಂಬಲ್
೧೭ ಮಾರ್ಚ್ ೨೦೨೫

ಯಲ್ಲವ್ವ ವೈನಿಯವರಿಗೆ ದ್ರಾಕ್ಷಾಯಿಣಿ ಮಾಡೂ ಶರಣು.

ಅಣ್ಣ ಹ್ವಾದಮ್ಯಾಲೆ ಇದು ನಾಕನೇ ಕಾಗದ. ನೀವು ಉತ್ತರ ಬರೀಲಿಲ್ಲ. ಬರೀಬ್ಯಾಡ್ರಿ, ಓದ್ರಿ ಅಷ್ಟ.

ನಾ ಸಾವರ್ಡೆಗೆ ಹೋಗಾಕತ್ತೇನಿ. ಐತವಾರ ಲಾಜಿನ ಕೆಲಸ ಇರಂಗಿಲ್ಲ. ಬಸ್ಸಿಗೆ ಮಡಗಾಂವ್, ಅಲ್ಲಿಂದ ರೈಲು. ಆ ರೈಲಿನ್ಯಾಗ ದೂಧಸಾಗರ ನೋಡೂ ಮಂದಿ ತುಂಬಿರ್ತಾರ. ಈ ದಿನದಾಗ ಅಲ್ಲಿ ಕಲ್ಲ ಮ್ಯಾಲೆ ಸಣ್ಣ ಧಾರಿ ಅಷ್ಟ ಬೀಳತೈತಿ. ಹೇಳಿದ್ರೂ ಕೇಳಂಗಿಲ್ಲ, ಕಿಡಕಿಗೆ ಮುಖಾ ಹಚ್ಚಿ ಕುಂತಿರ್ತಾರ. ಮೊದಲ ಆಗಿದ್ರ ನಾ ಇಂಥವರಿಗೆ ನಗತಿದ್ದೆ.

ಅವರ ಖೋಲಿ ರೈಲ್ವೆ ಹಳಿ ಹಿಂದ ಐತಿ. ಲಾರಿ ಧೂಳಿ ಬಾಗಲದಾಗ ಕೆಂಪಗ ಕುಂತಿರತೈತಿ. ಮೊದಲನೇ ಸಲ ಹ್ವಾದಾಗ ನಂದಾ ಬಾಗಲಾ ತಗದು, ತಲಿ ಮ್ಯಾಲೆ ಸೆರಗ ಹೊಚ್ಚಿಕೊಂಡು, ಕಾಲಿಗೆ ನೀರ ಕೊಟ್ಟು, ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು. ಚಾಪಿ ಹಾಸಿದ್ಲು. ನಾ ಕುಂತೆ.

"ಅಣ್ಣ ಏನಂದ" ಅಂದೆ.

"ಹೇಳ್ತೇನಿ ಅತ್ತಿ. ದೂರದಿಂದ ಬಂದೀರಿ, ಚಾ ಕುಡೀರಿ ಮೊದಲ."

ಚಾ ಮಾಡಿದ್ಲು. ಕುಡದೆ. ಆಮ್ಯಾಲೆ ಉಪ್ಪಿಟ್ಟ ಮಾಡಿದ್ಲು. ಉಂಡೆ. ಬಟ್ಟಿ ಒಣಹಾಕಿ ಬರ್ತೇನಿ ಅಂದ್ಲು. ಬಂದಾಗ ನನ್ನ ರೈಲಿನ ಹೊತ್ತಾಗಿತ್ತು. "ಮುಂದಿನ ವಾರ ಬರ್ರಿ ಅತ್ತಿ, ಕುಂತು ಮಾತಾಡೂನು" ಅಂದ್ಲು.

ಮುಂದಿನ ವಾರ ಮಾಂತೇಶ ಮನಿಯಾಗಿದ್ದ. ಅವನ ಮುಂದ ಬ್ಯಾಡ ಅಂದ್ಲು. ಅದರ ಮುಂದಿನ ವಾರ ಅಂವ ಇದ್ದಿಲ್ಲ. ಆಕಿ ಅಕ್ಕಿ ಹಸನ ಮಾಡಕೋತ ಕುಂತಿದ್ಲು, ಮೊರ ಕೆಳಗಿಟ್ಟು ನನ್ನ ಕಡೆ ನೋಡಿದ್ಲು. ನಾ ತಿಳದೆ, ಈಗ ಹೇಳ್ತಾಳ ಅಂತ. ಮೈಯೆಲ್ಲಾ ಕಿವಿ ಆಗಿತ್ತು.

"ಇವತ್ತ ಯಾಕೋ ಬಾಯಿಗೆ ಬರವಲ್ದು ಅತ್ತಿ" ಅಂದ್ಲು. ಮತ್ತ ಮೊರ ತಗೊಂಡ್ಲು.

ಬೈದೆ. ಬೈಲಿಲ್ಲ ಅಂತ ಸುಳ್ಳ ಹೇಳಂಗಿಲ್ಲ. ಅಂವ ನನ್ನ ಒಡಹುಟ್ಟಿದಾಂವ, ನೀ ಯಾವಾಕಿ ಅದನ್ನ ಬಚ್ಚಿಡಾಕ ಅಂದೆ. ಆಕಿ ಸಿಟ್ಟಾಗಲಿಲ್ಲ. ಹೂಂ ಅತ್ತಿ, ಹೌದ್ರಿ ಅತ್ತಿ ಅಂದ್ಲು. ಬಾಜೂ ಖೋಲಿ ಹೆಂಗಸು ಗದ್ಲ ಕೇಳಿ ಬಂದು ನಿಂತು, "ಇವರು ಯಾರವ್ವಾ, ವಾರಾವಾರಾ ಬರ್ತಾರಲ್ಲ" ಅಂತ ಕೇಳಿದ್ಲು.

"ನಮ್ಮ ಅತ್ತಿ. ಪಣಜಿಯಾಗ ಇರ್ತಾರ, ಸಾವರ್ಡೆ ನೋಡಾಕ ಬರ್ತಾರ" ಅಂದ್ಲು ನಂದಾ.

ಆ ಹೆಂಗಸು ನಕ್ಕೊಂತ ಹ್ವಾದ್ಲು. ನಂದಾ ನಗಲಿಲ್ಲ. ನಾ ಆಕಿ ಕಾಲಿಗೆ ಕೈ ಹಚ್ಚಾಕ ಹ್ವಾದೆ ವೈನಿ. ಹಿರ್ಯಾಕಿ, ಅತ್ತಿ, ಹ್ವಾದೆ. ಆಕಿ ಲಗೂನ ಕಾಲ ಹಿಂದ ತಗೊಂಡು, ನನ್ನ ಎರಡೂ ಕೈ ಹಿಡದು ಎಬ್ಬಿಸಿ, "ಹಂಗ ಮಾಡಬಾರದ್ರಿ, ನನಗ ಪಾಪ ಬರತೈತಿ" ಅಂದ್ಲು. ಮತ್ತ ಚಾಕ್ಕ ಇಟ್ಲು.

ಅಂವ ಸಿಟ್ಟಿಲೆ ಅಂದನೋ, ಪ್ರೀತಿಲೆ ಅಂದನೋ. ಮಗಳನ್ನ ಯಾಕ ಕಳಸಲಿಲ್ಲ ಅಂತ ಕೇಳಿದನೋ. ಅದಷ್ಟನ್ನಾರ ಹೇಳು ಅಂದೆ. ಅದನ್ನೂ ಹೇಳಲಿಲ್ಲ. ದೇವರ ಮುಂದ ಕುಂತ್ರ ಜಪಾ ನಿಂದರವಲ್ದು ಈಗ. ಅಂವ ಏನೇನ ಅಂದಿರಬೇಕು ಅಂತ ನಾನ ಒಂದೊಂದ ಕಟ್ಟತೇನಿ, ನಾನ ಅಳಸ್ತೇನಿ.

ನಿಮ್ಮ ಮಗಳು. ಒಂದ ಮಾತ ನೀವು ಹೇಳಿದ್ರ ಕೇಳ್ಯಾಳು. ಹೇಳಂಗಿಲ್ಲ ಅಂತಾನೂ ನನಗ ಗೊತ್ತೈತಿ. ಆದ್ರೂ ಬರದೇನಿ.

ಬರೂ ಐತವಾರ ಮತ್ತ ಹೊಂಟೇನಿ. ಬಾಗಲಾ ತಗೀತಾಳ, ಅದು ಖರೆ. ಚಾ ಚಲೋ ಮಾಡ್ತಾಳ.

ದೇವಲಪ್ಪನ ತಂಗಿ,
ದ್ರಾಕ್ಷಾಯಿಣಿ